ಒದ್ದೆ ಹಗ್ಗದ ಗಂಟು

ನಾನು ಕತ್ತದ ಹಗ್ಗ. ಉದ್ದ ಎಂಟು ಮಾರು. ಹೊನ್ನಾವರದ ಹತ್ತಿರ, ಹೊಳೆಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದ ತೆಂಗಿನ ಸಿಪ್ಪೆಯನ್ನು ಬಡಿದು, ನಾರು ಬಿಡಿಸಿ, ರಾಟೆಗೆ ಸಿಕ್ಕಿಸಿ ಹೆಂಗಸರಿಬ್ಬರು ನನ್ನನ್ನು ಹೊಸೆದರು. ನೀರಿನ ಪಕ್ಕದಲ್ಲೇ ಹುಟ್ಟಿದರೂ ನೀರಿಗೂ ನನಗೂ ಅಷ್ಟಕ್ಕಷ್ಟೆ. ನೆನೆದರೆ ಉಬ್ಬುತ್ತೇನೆ. ಆಗ ನನ್ನ ಮೇಲೆ ಬಿದ್ದ ಗಂಟು ದೇವರೇ ಬಂದರೂ ಬಿಚ್ಚುವುದಿಲ್ಲ. ಹುಟ್ಟುಗುಣ, ಏನು ಮಾಡಲಿ?

ಜಟ್ಟಪ್ಪ ಹರಿಕಂತ್ರ ನನ್ನನ್ನು ಕೊಂಡದ್ದು ರಟ್ಟಿನ ಪೆಟ್ಟಿಗೆ ಕಟ್ಟುವುದಕ್ಕೆ. ಒಳಗೆ ಒಣಮೀನು, ಕುಚ್ಚಲಕ್ಕಿ, ಮಾವಿನಮಿಡಿ. ಮೀನು ಹಿಡಿಯುವ ಮನೆತನದವನು ಪೈಪು ಬೆಸೆಯುವ ಕೆಲಸಕ್ಕೆಂದು ಕೊಲ್ಲಿ ದೇಶಕ್ಕೆ ಹೊರಟಿದ್ದ. ಕ್ಯಾಂಪಿನ ಕೋಣೆಯಲ್ಲಿ ನನ್ನನ್ನು ಗೋಡೆಯಿಂದ ಗೋಡೆಗೆ ಕಟ್ಟಿದರು. ನಾಲ್ಕು ವರ್ಷ ಆರು ಜನರ ಚಡ್ಡಿ ಬನಿಯನ್ ಹೊತ್ತೆ. ಯಾರ ಬನಿಯನ್ನಿಗೆ ಎಷ್ಟು ತೂತು ಎಂಬುದು ಅವರವರ ಹೆಂಡಂದಿರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸಲೇಬೇಕೆಂದು ಜಟ್ಟಪ್ಪ ಹಟ ಹಿಡಿದ. ಕ್ಯಾಂಪಿನ ಮೇಲ್ವಿಚಾರಕ ಒಪ್ಪಿದ, ಆದರೆ ಷರತ್ತು ಹಾಕಿದ. ಐದೂವರೆಗೆ ಕೆಲಸದ ಬಸ್ಸು ಹೊರಡಬೇಕು. ಒಂದೇ ನಿಮಿಷ ತಡವಾದರೂ ಬಾವುಟದ ಅರ್ಜಿಗೆ ಸಹಿ ಹಾಕಿದವನ ರಜೆ ರದ್ದು. ಇಪ್ಪತ್ತಕ್ಕೆ ಊರಲ್ಲಿ ಜಟ್ಟಪ್ಪನ ಮಗಳ ಮದುವೆ. ಅಪ್ಪ ಹೋಗಿ ಧಾರೆ ಎರೆಯಬೇಕು, ಹದಿನೇಳಕ್ಕೆ ಟಿಕೆಟ್ಟೂ ಆಗಿತ್ತು. ಅಂಥವನು ಸಹಿ ಹಾಕಿದ. ಹುಚ್ಚೋ ಹುರುಪೋ, ನನಗಂತೂ ತಿಳಿಯಲಿಲ್ಲ.

ನೀರಿನ ಪೈಪನ್ನೇ ಬೆಸೆದು ಕಂಬ ಮಾಡಿದ. ಹಗ್ಗ ನಾನೇ. ಬೆಳಗಿನ ನಾಲ್ಕು ಗಂಟೆಗೆ, ರೋಣದ ಕಡೆಯ ಮೌಲಾಸಾಬ ಎದ್ದು ನನ್ನನ್ನು ಬಿಚ್ಚಿಕೊಂಡ. ಅದೇ ಕೋಣೆಯವನು, ದೈವಭಕ್ತ, ಶುಚಿಯ ಮನುಷ್ಯ.

“ಚಡ್ಡಿ ಒಣಗಿಸಿದ ಹಗ್ಗಕ್ಕ ಬಾವುಟ ಕಟ್ಟೂದಂದ್ರೇನು? ಪಾಪ ಬರತೈತಿ” ಎಂದು ಗೊಣಗುತ್ತ ಬಕೆಟ್ಟಿಗೆ ಸೋಪಿನ ಪುಡಿ ಸುರಿದು ನನ್ನನ್ನು ಮುಳುಗಿಸಿದ. ಮೂರು ಸಲ ಜಾಲಾಡಿದ. ಬೇಡವೋ ಮಾರಾಯ ಎಂದು ಕೂಗಲು ನನಗೆ ಬಾಯಿ ಎಲ್ಲಿಂದ ಬರಬೇಕು?

ಅಲ್ಲಿನ ಆಗಸ್ಟಿನ ಗಾಳಿಯೇ ಬೆವರುತ್ತದೆ. ನಾನು ಆರಲಿಲ್ಲ. ಐದು ಗಂಟೆಗೆ ಜಟ್ಟಪ್ಪ ಬಾವುಟದಲ್ಲಿ ಗುಲಾಬಿ ಎಸಳು ಮಡಿಚಿಟ್ಟು, ನನ್ನ ತುದಿಯಿಂದ ಜಾರುಗಂಟು ಹಾಕಿದ. ಕೈಗೆ ತಂಪು ತಾಗಿತು. ಇಬ್ಬನಿ ಇರಬೇಕೆಂದುಕೊಂಡ. ಪೈಪು ಹಿಡಿದು ಹಿಡಿದು ಆ ಕೈ ಹಗ್ಗವನ್ನು ಮರೆತಿತ್ತು.

ಎಂಬತ್ತು ಜನ ಸಾಲಾಗಿ ನಿಂತರು. ಬಾವುಟದ ಗಂಟು ಕಂಬದ ತುದಿಗೇರಿತು. ಜಟ್ಟಪ್ಪ ಜಗ್ಗಿದ. ಬಿಚ್ಚಲಿಲ್ಲ. ಇನ್ನೊಮ್ಮೆ ಜಗ್ಗಿದ. ಅವನು ಎಳೆದಷ್ಟೂ ನಾನು ಬಿಗಿಯುತ್ತಿದ್ದೆ. ಮೇಲ್ವಿಚಾರಕ ಗಡಿಯಾರ ನೋಡಿದ. ಗೇಟಿನಲ್ಲಿ ಬಸ್ಸು ಹಾರ್ನ್ ಹೊಡೆಯಿತು.

“ಜಟ್ಟಣ್ಣಾ, ನಾನ ತೊಳದೀನಿ ಅದನ್ನ. ಹೊಲಸಾಗಿತ್ತಂತ...” ಮೌಲಾಸಾಬ ಸಾಲು ಬಿಟ್ಟು ಓಡಿ ಬಂದ.

“ಎಂತ ಮಾಡ್ದ್ಯೋ ಮಾರಾಯಾ! ಕತ್ತದ ಹಗ್ಗ ಅಲ್ಲವಾ ಅದು!”

“ಹಂಗ ಬಿಟ್ಟು ಬಸ್ ಹತ್ತೂಣು. ಮಗಳ ಮದಿವಿ ಐತಿ ನಿಂದು.”

ಬಸ್ಸು ಮತ್ತೆ ಕೂಗಿತು. ಜಟ್ಟಪ್ಪನ ಅಂಗೈ ಬೆವರು ನನ್ನ ನಾರಿಗೆ ಇಳಿಯುತ್ತಿತ್ತು. ಒಮ್ಮೆ ಗೇಟಿನ ಕಡೆ, ಒಮ್ಮೆ ಮೇಲಕ್ಕೆ ನೋಡಿದ.

“ಮುದ್ದೆಯಾದ ಬಾವುಟಕ್ಕೆ ಸೆಲ್ಯೂಟ್ ಹೊಡೂದು ಹೆಂಗೆ?” ಎಂದವನೇ ಸರಸರನೆ ನನ್ನನ್ನು ಇಳಿಸಿದ. ಉಗುರು ಸೋತಿತು. ಕೊನೆಗೆ, ಒದ್ದೆ ಬಲೆಯ ಗಂಟು ಬಿಡಿಸುವಂತೆ, ಎಲ್ಲರೆದುರೇ ಬಾಯಿ ಹಾಕಿ ಹಲ್ಲಿನಿಂದ ಎಳೆದ. ತುಟಿ ಹರಿದು ರಕ್ತ ಬಂತು. ಗಂಟು ಸಡಿಲಾಯಿತು. ಎಸಳೆಲ್ಲ ಅವನ ಕಾಲ ಬಳಿಯೇ ಬಿದ್ದವು. ಬಿಚ್ಚಿದ ಬಾವುಟವನ್ನೇ ಏರಿಸಿದ. ರಾಷ್ಟ್ರಗೀತೆ ಮುಗಿದಾಗ ಐದೂವರೆ ದಾಟಿ ನಾಲ್ಕು ನಿಮಿಷವಾಗಿತ್ತು.

ಆಗಲೇ ಎಲ್ಲರ ಗಮನಕ್ಕೆ ಬಂದದ್ದು, ಬಸ್ಸಿನ ಸದ್ದೇ ಇರಲಿಲ್ಲ. ಚಾಲಕ ಗುಲ್‌ನವಾಜ್ ಬಾನೆಟ್ ಎತ್ತಿಕೊಂಡು ನಿಂತಿದ್ದ. ಪೇಶಾವರದವನು, ಅವನ ದೇಶದ ಹಬ್ಬ ನಿನ್ನೆಯಷ್ಟೇ ಯಾರ ಗಮನಕ್ಕೂ ಬಾರದೆ ಕಳೆದಿತ್ತು. “ಇಂಜಿನ್ ಕಾದಿದೆ ಸಾಹೇಬರೇ, ಹತ್ತು ನಿಮಿಷ ಬೇಕು” ಎಂದ. ಇನ್ನೂ ಗೇಟು ದಾಟದ ಬಸ್ಸಿನ ಇಂಜಿನ್ ಹೇಗೆ ಕಾಯಿತೆಂದು ಯಾರೂ ಕೇಳಲಿಲ್ಲ. ಮೇಲ್ವಿಚಾರಕ ಗೊಣಗುತ್ತ, ತಡವಾದದ್ದು ಬಸ್ಸಿನಿಂದ ಎಂದು ಬರೆದುಕೊಂಡ.

ಜಟ್ಟಪ್ಪ ಊರಿಗೆ ಹೋಗಿ ಧಾರೆ ಎರೆದು ಬಂದ. ಬಂದಮೇಲೆ ನನ್ನನ್ನು ಗುಲ್‌ನವಾಜನಿಗೆ ಕೊಟ್ಟ. ಆ ಬಸ್ಸಿನ ಸಡಿಲ ಬಾಗಿಲನ್ನು ವರ್ಷಗಟ್ಟಲೆ ಬಿಗಿದು ಹಿಡಿದೆ. ಈಗ ಬಸ್ಸೂ ಗುಜರಿಯಲ್ಲಿದೆ, ನಾನೂ. ಬಿಸಿಲಿಗೆ ನಾರು ಉದುರುತ್ತಿದೆ. ಅದರ ಬಗ್ಗೆ ಬೇಸರವಿಲ್ಲ. ನೆನಪಾಗುವುದು ಒಂದೇ ದಿನ.

ಅಂದು ಜಟ್ಟಪ್ಪ ಮದುವೆಯ ಲಾಡನ್ನೂ ನನ್ನನ್ನೂ ಹಿಡಿದು ಬಸ್ಸಿನ ಹತ್ತಿರ ಬಂದಿದ್ದ. ಬಸ್ಸು ತಡವಾದ ತಪ್ಪಿಗೆ ಗುಲ್‌ನವಾಜನ ಆ ವರ್ಷದ ರಜೆಯನ್ನೇ ಕಿತ್ತುಕೊಂಡಿದ್ದಾರೆಂದು ಮೌಲಾಸಾಬ ಆಗಷ್ಟೇ ಹೇಳಿದ್ದ. ಜಟ್ಟಪ್ಪ ಲಾಡು ಚಾಚಿದ. ಗುಲ್‌ನವಾಜ್ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಹಿಂದಿಯಲ್ಲಿ ಕೇಳಿದ: “ಗಂಡನ ಮನೆಗೆ ಹೊರಡುವಾಗ ಮಗಳು ಅತ್ತಳಾ?”

“ಅತ್ತಳು” ಎಂದ ಜಟ್ಟಪ್ಪ, ಮತ್ತೆ ತಾನೇ ಬಿಕ್ಕಿ ಬಿಕ್ಕಿ ಅತ್ತ.