ಅಕ್ಕ ತಮ್ಮನ ನಲವತ್ತು ದಿನ

ಕಮತಗಿಯ ಗುರುಲಿಂಗವ್ವ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕೂಡುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಜ್ವರ ಬಂದಾಗಲೂ ಪೂಜೆ ತಪ್ಪಿಸಿದವಳಲ್ಲ. ಆದರೆ ಈಗ ಎರಡು ವರ್ಷದಿಂದ ಅವಳು ಏರಿಸಿದ ಹೂವು ಲಿಂಗದ ಮೇಲೆ ಬೀಳುತ್ತಿರಲಿಲ್ಲ, ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಸೊಸೆ ಸಾವಿತ್ರೆವ್ವ ಸದ್ದಿಲ್ಲದೆ ಬಂದು ಆ ಹೂವನ್ನೆತ್ತಿ ಲಿಂಗದ ಮೇಲಿಟ್ಟು ಹೋಗುತ್ತಿದ್ದಳು. ಅತ್ತೆಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಗುರುಲಿಂಗವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನೇಕಾರರ ಮನೆ ಅದು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸುವುದರಲ್ಲಿ ಒಂದು ಕಾಲಕ್ಕೆ ಅವಳನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ಈಗ ಸ್ವಂತ ಮನೆಯ ಹೊಸ್ತಿಲು ಎಡವುತ್ತಿದ್ದಳು. ಯಾರೋ ಹೇಳಿದರೆಂದು ಜೇನುತುಪ್ಪ ಹಾಕಿಕೊಂಡಳು, ಇನ್ಯಾರೋ ಹೇಳಿದರೆಂದು ಉಳ್ಳಾಗಡ್ಡಿ ರಸ ಹಿಂಡಿಕೊಂಡಳು. ಕಣ್ಣು ಉರಿದದ್ದೇ ಬಂತು. ಊರಿನಲ್ಲಿ ಪುಕ್ಕಟೆ ಔಷಧ ಹೇಳುವವರಿಗೆ ಏನು ಬರ? ಉರಿದ ಕಣ್ಣಿಗೆ ನೀರು ಹಾಕಲು ಮಾತ್ರ ಅವರು ಯಾರೂ ಬರಲಿಲ್ಲ.

ಹೀಗಿರುವಾಗ ೧೯೮೩ರ ದೀಪಾವಳಿ ಮುಗಿದ ಮೇಲೆ ದವಾಖಾನೆಯ ನರ್ಸಬಾಯಿ ಇಂದ್ರಾಬಾಯಿ ಓಣಿಗೆ ಬಂದಳು. ಹುನಗುಂದದ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಲಿದೆ, ಆಪರೇಷನ್, ಊಟ, ಕನ್ನಡಕ ಎಲ್ಲ ಪುಕ್ಕಟೆ ಎಂದು ಹೇಳಿದಳು. ಕಟ್ಟೆಯ ಮೇಲೆ ಕೂತು ಗುರುಲಿಂಗವ್ವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದಳು.

“ಪೊರಿ ಅಂದ್ರ ಕಣ್ಣಿನ ಮ್ಯಾಲ ಕುಂತ ಧೂಳಲ್ರಿ ಅವ್ವಾರ,” ಎಂದಳು. “ಕಣ್ಣಿನ ಒಳಗ ಒಂದು ತಿಳಿ ಗಾಜಿನಂಥಾದ್ದು ಇರ್ತೈತಿ. ವಯಸ್ಸಾತಂದ್ರ ಅದು ಮಬ್ಬ ಆಕ್ಕೈತಿ. ಯಾವ ಎಣ್ಣಿ, ಯಾವ ರಸ ಹಾಕಿದ್ರೂ ತಿಳಿ ಆಗಂಗಿಲ್ಲ. ಡಾಕ್ಟರ ಅದನ್ನ ತಗೀಬೇಕು. ಆಮ್ಯಾಲ ಚಾಳೀಸ ಹಾಕ್ಕೊಂಡ್ರ ಕಾಣತೈತಿ.”

ಗುರುಲಿಂಗವ್ವ ಪಕ್ಕದಲ್ಲಿ ಕೂತಿದ್ದ ತಮ್ಮನ ಕಡೆ ಕೈ ಮಾಡಿದಳು. ತಮ್ಮ ರಾಚಪ್ಪ ಹಿಂದಿನ ವರ್ಷ ದೂರದ ಊರಿನ ಶಿಬಿರಕ್ಕೆ ಹೋಗಿ ಎಡಗಣ್ಣಿನ ಪೊರೆ ತೆಗೆಸಿಕೊಂಡಿದ್ದ. ತಿಂಗಳೊಳಗೆ ಆ ಕಣ್ಣು ಪೂರ್ತಿ ಹೋಗಿತ್ತು. ಡಾಕ್ಟರೇ ಕೆಡಿಸಿದರು ಎಂದು ಅವನು ಊರೆಲ್ಲ ಹೇಳಿದ್ದ. ಅಂದಿನಿಂದ ಆ ಓಣಿಯ ಒಬ್ಬರೂ ಶಿಬಿರದ ಹೆಸರೆತ್ತಿರಲಿಲ್ಲ. ಬಲಗಣ್ಣಿಗೂ ಪೊರೆ ಬರುತ್ತಿದ್ದರೂ ರಾಚಪ್ಪ ಸುಮ್ಮನಿದ್ದ.

ಇಂದ್ರಾಬಾಯಿ ಮುಚ್ಚುಮರೆ ಮಾಡಲಿಲ್ಲ. ಎಂಟು ದಿನ ಶಿಬಿರದಲ್ಲೇ ಮಲಗಬೇಕು, ಮನೆಗೆ ಬಂದ ಮೇಲೂ ಸೇರಿ ಒಟ್ಟು ನಲವತ್ತು ದಿನ ತಲೆಗೆ ನೀರು ಹಾಕಬಾರದು, ಬಗ್ಗಬಾರದು, ಭಾರ ಎತ್ತಬಾರದು, ಕಣ್ಣು ತಿಕ್ಕಬಾರದು ಎಂದಳು. ಹಣೆಗೆ ವಿಭೂತಿ ಹಚ್ಚಿದರೆ ಪುಡಿ ಉದುರಿ ಗಾಯಕ್ಕೆ ಬೀಳುತ್ತದೆ, ಅದೂ ಬೇಡ ಎಂದಳು.

ಗುರುಲಿಂಗವ್ವ ಗೋಡೆ ಹಿಡಿದು ಎದ್ದಳು. “ಜಳಕ ಇಲ್ಲ, ಈಬತ್ತಿ ಇಲ್ಲ ಅಂದ್ರ ಪೂಜಿ ಇಲ್ಲ. ಪೂಜಿ ಇಲ್ಲದ ಕಣ್ಣ ನನಗ್ಯಾಕ?”

ಇಂದ್ರಾಬಾಯಿ ಅವಳ ಜೊತೆ ವಾದಕ್ಕೆ ಇಳಿಯಲಿಲ್ಲ. ರಾಚಪ್ಪನ ಕಡೆ ತಿರುಗಿ, ಶಿಬಿರದಿಂದ ಬಂದ ಮೇಲೆ ನಲವತ್ತು ದಿನ ಹೇಗಿದ್ದಿರಿ ಎಂದಷ್ಟೇ ಕೇಳಿದಳು. ರಾಚಪ್ಪನ ಮುಖ ಕಪ್ಪಿಟ್ಟಿತು. ಕಣ್ಣು ಕೆಡಿಸಿದವರನ್ನು ಹೋಗಿ ಕೇಳಿರಿ ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟ.

ಮರುದಿನ ಅವನು ಅಕ್ಕನ ಮನೆಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಂದಾಗ ಅಕ್ಕ ಪೂಜೆಗೆ ಕೂತಿದ್ದಳು. ರಾಚಪ್ಪ ಬಾಗಿಲಲ್ಲೇ ನಿಂತ. ಅಕ್ಕ ಹೂವು ಏರಿಸಿದಳು, ಹೂವು ಮಣಿಕಟ್ಟಿನ ಮೇಲೆ ಬಿತ್ತು. ಸಾವಿತ್ರೆವ್ವ ಬಂದು ಅದನ್ನೆತ್ತಿ ಲಿಂಗದ ಮೇಲಿಟ್ಟಳು. ಅವನಿಗಿದ್ದ ಒಂದೇ ಕಣ್ಣಿಗೆ ಅದು ಕಂಡಿತು. ಅಕ್ಕನ ಪೂಜೆ ಹೀಗಾಗಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಪೂಜೆ ಮುಗಿಯುವ ತನಕ ಕಾದು ಅವಳ ಎದುರು ಬಂದು ಕೂತ.

“ಅಕ್ಕಾ, ನನ್ನ ಕಣ್ಣ ಡಾಕ್ಟರು ಕೆಡಿಸಲಿಲ್ಲ. ನಾನ ಕೆಡಿಸ್ಕೊಂಡ್ನಿ.”

ಗುರುಲಿಂಗವ್ವ ಕೇಳುತ್ತ ಕೂತಳು. ರಾಚಪ್ಪ ತಲೆ ತಗ್ಗಿಸಿ ಹೇಳಿದ. ಅವನು ಪ್ರತಿ ಅಮಾವಾಸ್ಯೆಗೆ ಕೂಡಲಸಂಗಮಕ್ಕೆ ಹೋಗಿ ಹೊಳೆಯಲ್ಲಿ ಮುಳುಗಿ ಬರುವವನು, ಇಪ್ಪತ್ತು ವರ್ಷದ ರೂಢಿ. ಆಪರೇಷನ್ ಆದ ಹದಿನೈದನೆಯ ದಿನಕ್ಕೆ ಅಮಾವಾಸ್ಯೆ ಬಂತು. ಕಣ್ಣು ನೋಯುತ್ತಿರಲಿಲ್ಲ, ಬೆಳಕೂ ಕಾಣುತ್ತಿತ್ತು. ಇಷ್ಟು ವಾಸಿಯಾದ ಮೇಲೆ ಏನಾದೀತು ಎಂದುಕೊಂಡು ಹೋದ.

“ಪಟ್ಟಿ ಬಿಚ್ಚಿಟ್ಟು ಮೂರು ಸಲ ಮುಳಗಿದ್ನಿ. ದಂಡಿಗೆ ಬಂದು ಹಣಿತುಂಬ ಈಬತ್ತಿ ಹಚ್ಚಿದ್ನಿ. ಕಣ್ಣಾಗ ಉದರಿತು, ಕೈಲೆ ತಿಕ್ಕಿದ್ನಿ. ಎರಡು ದಿನಕ್ಕ ಕೀವಾತು. ದವಾಖಾನಿಗೆ ಹೋದ್ರ ಬೈತಾರಂತ ಹೋಗಲಿಲ್ಲ. ಮಂದಿ ಕೇಳಿದ್ರ ನಾಚಿಕಿ ಆತು, ಡಾಕ್ಟರ ಹೆಸರು ಹೇಳಿದ್ನಿ.”

ಗುರುಲಿಂಗವ್ವ ತಡವಿ ತಮ್ಮನ ಕೈ ಹಿಡಿದಳು. ಆಮೇಲೆ ಮೆಲ್ಲಗೆ, “ಹೊಳಿ ನೀರು, ಈಬತ್ತಿ, ಇವೇನ ಕಣ್ಣ ತಗಿಯೂವೇನೋ ರಾಚಾ?” ಎಂದಳು.

“ಅವ್ಯಾಕ ತಗೀತಾವಕ್ಕಾ. ಹಸಿ ಗಾಯದಾಗ ಹಾಕ್ಕೊಂಡಾಂವ ನಾನು.”

ಅಂದು ಸಂಜೆ ಇಂದ್ರಾಬಾಯಿ ಮತ್ತೆ ಬಂದಳು. ಅವಳು ಸುಮ್ಮನೆ ಬಂದಿರಲಿಲ್ಲ, ಊರಿನ ಅಯ್ಯನವರಾದ ಸಂಗಯ್ಯನವರನ್ನು ಕಂಡು ಕೇಳಿಯೇ ಬಂದಿದ್ದಳು. ಒದ್ದೆ ಬಟ್ಟೆಯಿಂದ ಕತ್ತಿನ ಕೆಳಗೆ ಮೈ ಒರೆಸಿಕೊಂಡರೂ ಶುಚಿಯೇ, ವಿಭೂತಿಯನ್ನು ನೆನೆಸಿ ತೋಳಿಗೆ ಹಚ್ಚಿಕೊಂಡರೆ ಸಾಕು, ಶಿಬಿರದಲ್ಲಿ ಮಲಗಿದ್ದಾಗ ಲಿಂಗ ಎದೆಯ ಮೇಲಿದ್ದು ಮನಸ್ಸು ಅದರಲ್ಲಿದ್ದರೆ ಅದೇ ಪೂಜೆ ಎಂದು ಅಯ್ಯನವರು ಹೇಳಿ ಕಳಿಸಿದ್ದರು. ಮೈಮೇಲಿನ ಲಿಂಗ ತೆಗೆಯಬೇಕೆಂದು ಶಿಬಿರದಲ್ಲಿ ಯಾರೂ ಕೇಳುವುದಿಲ್ಲ ಎಂದು ಇಂದ್ರಾಬಾಯಿ ತಾನೇ ಮಾತು ಕೊಟ್ಟಳು.

ಗುರುಲಿಂಗವ್ವ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. “ರಾಚಾ, ನೀ ಬಂದ್ರ ನಾ ಬರ್ತೇನಿ. ಇನ್ನೊಂದ ಕಣ್ಣರ ಉಳಿಸ್ಕೊ.”

ರಾಚಪ್ಪನಿಗೆ ಉಳಿದದ್ದು ಅದೊಂದೇ ಕಣ್ಣು. ಆದರೆ ಅಕ್ಕನ ಮಾತು ಮೀರುವಂತಿರಲಿಲ್ಲ. ಇಬ್ಬರೂ ಹುನಗುಂದದ ಬಸ್ಸು ಹತ್ತಿದರು.

ಆಪರೇಷನ್ ಆದ ಮೇಲೆ ಶಾಲೆಯ ಕೋಣೆಯಲ್ಲಿ ಅಕ್ಕ ತಮ್ಮ ಅಕ್ಕಪಕ್ಕದ ಹಾಸಿಗೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದರು. ಕಣ್ಣು ಕಾಣದಿದ್ದರೂ, ತಮ್ಮನು ಕಣ್ಣು ತಿಕ್ಕಿಕೊಳ್ಳದಂತೆ ಗುರುಲಿಂಗವ್ವನ ಕಾವಲು ಬಿಗಿಯಾಗಿತ್ತು.

“ರಾಚಾ, ಕೈ ಎಲ್ಲೈತಿ?”

“ಎದಿ ಮ್ಯಾಲ ಐತಿ ಅಕ್ಕಾ.”

ತಾಸಿಗೊಮ್ಮೆ ಇದೇ ಮಾತು. ಮೂರನೆಯ ದಿನದ ಹೊತ್ತಿಗೆ ಕೋಣೆಯಲ್ಲಿದ್ದ ಇಪ್ಪತ್ತೂ ಮಂದಿ ಅವಳು ಕೇಳುವ ಮೊದಲೇ ಕೈ ಎದೆಯ ಮೇಲಿದೆ ಎಂದು ನಗುತ್ತ ಹೇಳತೊಡಗಿದ್ದರು.

ಮನೆಗೆ ಬಂದ ಮೇಲೆ ಸಾವಿತ್ರೆವ್ವ ಇಬ್ಬರನ್ನೂ ಒಂದೇ ಮನೆಯಲ್ಲಿಟ್ಟುಕೊಂಡಳು. ಹೊತ್ತಿಗೆ ಸರಿಯಾಗಿ, ಕೈ ತೊಳೆದುಕೊಂಡು, ಕಣ್ಣಿಗೆ ಔಷಧದ ಹನಿ ಹಾಕಿದಳು. ಗಟ್ಟಿಯಾದ ಕಟಕ ರೊಟ್ಟಿ ಅಗಿಯಬಾರದೆಂದು ಹಾಲಿನಲ್ಲಿ ನೆನೆಸಿ ಕೊಟ್ಟಳು. ನಡುವೆ ಅಮಾವಾಸ್ಯೆಯೂ ಬಂತು. ಸಂಗಮಕ್ಕೆ ಹೋಗುವ ಮಂದಿ ಬಾಗಿಲಲ್ಲಿ ಕರೆದರು. ರಾಚಪ್ಪ ಎದ್ದು ನಿಂತ, ಮತ್ತೆ ಕೂತ. ಮುಂದಿನ ಅಮಾವಾಸ್ಯೆಗೆ ಬರುತ್ತೇನೆ, ಹೊಳೆ ಎಲ್ಲಿಗೂ ಹೋಗುವುದಿಲ್ಲ ಎಂದ.

ನಲವತ್ತು ದಿನ ಕಳೆದು, ಡಾಕ್ಟರಿಗೆ ತೋರಿಸಿಕೊಂಡು ಬರಲು ಹೋದಾಗ ದಪ್ಪ ಗಾಜಿನ ಚಾಳೀಸು ಕೊಟ್ಟರು. ಮೊದಲಿಗೆ ಎಲ್ಲವೂ ದೊಡ್ಡದಾಗಿ, ಹತ್ತಿರದಲ್ಲೇ ಇದ್ದ ಹಾಗೆ ಕಾಣುತ್ತದೆ, ವಾರದಲ್ಲಿ ರೂಢಿಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ರಾಚಪ್ಪ ಎರಡು ದಿನ ಹೊಸ್ತಿಲನ್ನು ಮೊಣಕಾಲೆತ್ತಿ ದಾಟಿದ. ಓಣಿಯೆಲ್ಲ ನಕ್ಕಿತು, ಅವನೂ ನಕ್ಕ.

ಚಾಳೀಸು ಬಂದ ಮರುದಿನ ಬೆಳಿಗ್ಗೆ ಗುರುಲಿಂಗವ್ವ ಪೂಜೆಗೆ ಕೂತಳು. ಸಾವಿತ್ರೆವ್ವ ರೂಢಿಯಂತೆ ಹಿಂದೆ ಬಂದು ನಿಂತಳು. ಅಂಗೈಯಲ್ಲಿನ ಲಿಂಗವನ್ನು ಗುರುಲಿಂಗವ್ವ ಬಹಳ ಹೊತ್ತು ನೋಡಿದಳು. ಹೂವು ಏರಿಸಿದಳು. ಹೂವು ಲಿಂಗದ ನೆತ್ತಿಯ ಮೇಲೆ ಕೂತಿತು. ಸಾವಿತ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎರಡು ವರ್ಷ ನನ್ನ ಹೂವ ನೀನ ಏರಿಸಿದಿ ಅಂತ ನನಗ ಗೊತ್ತೈತಿ,” ಎಂದಳು ಗುರುಲಿಂಗವ್ವ, ಹಿಂದೆ ತಿರುಗದೆಯೇ. “ಇನ್ನ ನೀ ನಿನ್ನ ಹೂವ ಏರಿಸವಾ.”

ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೊಸ್ತಿಲು ಎಡವುವ ಹಿರಿಯರಿದ್ದಾರೆಯೇ? ಅವರ ಕಣ್ಣಿಗೆ ಎಣ್ಣೆ, ರಸ ಹಾಕಬೇಡಿ. ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋಗಿ. ಆಪರೇಷನ್ ಡಾಕ್ಟರ ಕೆಲಸ, ಅದರ ನಂತರದ ನಲವತ್ತು ದಿನ ನಿಮ್ಮ ಕೆಲಸ. ಕಣ್ಣು ಕೆಂಪಾದರೆ, ನೋವಾದರೆ, ಕೀವು ಕಂಡರೆ, ಏನೇ ತಪ್ಪು ಮಾಡಿದ್ದರೂ ನಾಚದೆ ಅಂದೇ ದವಾಖಾನೆಗೆ ಹೋಗಿ. ಬೈಸಿಕೊಂಡರೂ ಚಿಂತೆಯಿಲ್ಲ, ಕಣ್ಣು ಉಳಿಯಬೇಕು. ನಂಬಿಕೆ ಬರದಿದ್ದರೆ ಕಮತಗಿಗೆ ಬಂದು ರಾಚಪ್ಪನನ್ನು ಕೇಳಿ. ಕಳೆದುಕೊಂಡ ಕಣ್ಣನ್ನೂ ಉಳಿಸಿಕೊಂಡ ಕಣ್ಣನ್ನೂ ಅವನೇ ತೋರಿಸುತ್ತಾನೆ.