ಕೌಸಲ್ಯಾ ಯುದ್ಧಕ್ಕಿಳಿದದ್ದು

ಅಮೆರಿಕದ ನೇಪರ್‌ವಿಲ್‌ನ ಕನ್ನಡ ಸಂಘ ಎರಡು ಹೋಳಾದಾಗ ಕೌಸಲ್ಯಾ ಯಾವ ಕಡೆಗೂ ಸೇರಲಿಲ್ಲ. "ನಾನು ನ್ಯೂಟ್ರಲ್ ಕಣ್ರೀ" ಎನ್ನುತ್ತಾ ಎರಡೂ ಬಣದವರ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಂದಳು.

ಏಟು ಬಿದ್ದದ್ದು ಲಲಿತಮ್ಮನಿಗೆ. ಧಾರವಾಡ ಕಡೆಯ ಈ ಹಿರಿಯಾಕೆ ಅಧ್ಯಕ್ಷ ಸಂಗಮೇಶನನ್ನು ಸಭೆಯಲ್ಲೇ ಬೈದಿದ್ದರು. ಆಕೆಯ ಗಂಡ ಪಕ್ಕದೂರು ಬೋಲಿಂಗ್‌ಬ್ರೂಕ್‌ನ ನರ್ಸಿಂಗ್ ಹೋಮಿನಲ್ಲಿ ಹಾಸಿಗೆ ಹಿಡಿದಿದ್ದರು. ಆಕೆಗೆ ಡ್ರೈವಿಂಗ್ ಬಾರದು, ಇಂಗ್ಲಿಷೂ ಬಾರದು. ಶನಿವಾರ ಶನಿವಾರ ಸಂಘದ ಹೆಂಗಸರು ಸರದಿಯಲ್ಲಿ ಕರೆದೊಯ್ಯುತ್ತಿದ್ದರು. ಬೈದ ಮರುವಾರ ಎಲ್ಲರಿಗೂ ಒಟ್ಟಿಗೇ ಬೇರೆ ಕೆಲಸ ಬಂತು. ಎಂಥ ನಾಚಿಕೆಗೆಟ್ಟ ಜನ!

ಕೌಸಲ್ಯಾ ಮಗಳು ಆಶ್ರಿತಾಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಡಲು ನರ್ಸಿಂಗ್ ಹೋಮಿಗೆ ತಿರುಗುವ ಹೆದ್ದಾರಿ ಎಕ್ಸಿಟ್ ದಾಟಿಯೇ ಹೋಗುತ್ತಿದ್ದಳು. ಲಲಿತಮ್ಮ ಫೋನ್ ಮಾಡಿ ಬೇಡಿಕೊಂಡರು.

"ಆಂಟಿ, ನಿಮ್ಮನ್ನ ಕೂರಿಸ್ಕೊಂಡ್ರೆ ನಾನು ಆ ಕಡೆ ಅಂತಾರೆ. ಬೇಜಾರು ಮಾಡ್ಕೋಬೇಡಿ."

ಮಾಘದಲ್ಲಿ ಲಲಿತಮ್ಮನ ಗಂಡ ತೀರಿಕೊಂಡರು. ಬಳಿಯಲ್ಲಿ ಯಾರೂ ಇರಲಿಲ್ಲ.

ಮುಂದಿನ ವಾರವೇ ಸಂಗಮೇಶನ ಹೆಂಡತಿ ಚೇತನಾ, ಯುಗಾದಿ ನೃತ್ಯದಲ್ಲಿ ಆಶ್ರಿತಾಳನ್ನು ಹಿಂದಿನ ಸಾಲಿಗೆ ತಳ್ಳಿದಳು. ಕೌಸಲ್ಯಾಗೆ ಮೈಯೆಲ್ಲಾ ಉರಿಯಿತು. ಮುದುಕಿಗೆ ಎಂಥ ಅನ್ಯಾಯವಾಗಿದೆ ಎಂಬುದು ಆ ಕ್ಷಣವೇ ಕಣ್ಣಿಗೆ ಬಿತ್ತು.

ಶನಿವಾರ ಕಾರು ಲಲಿತಮ್ಮನ ಮನೆ ಮುಂದೆ ನಿಂತಿತು. "ಮೀಟಿಂಗಿಗೆ ಬನ್ನಿ ಆಂಟಿ, ನಾನಿದೀನಿ."

"ಯಜಮಾನರ ಕನ್ನಡಕ, ಶಾಲು ನರ್ಸಿಂಗ್ ಹೋಮಿನಾಗ ಅದಾವವಾ. ಇವತ್ತು ಸಂಜಿಯೊಳಗ ಒಯ್ಯಲಿಲ್ಲಂದ್ರ ಕಸದಾಗ ಒಗದಬಿಡತಾರಂತ."

"ಮೀಟಿಂಗ್ ಮುಗಿದ ತಕ್ಷಣ ಕರ್ಕೊಂಡು ಹೋಗ್ತೀನಿ. ಪ್ರಾಮಿಸ್."

ಹಿಂದಿನ ಸೀಟಿನಲ್ಲಿ ಆಶ್ರಿತಾ ಮೊದಲ ಮಹಾಯುದ್ಧದ ಹಿಸ್ಟರಿ ಹೋಂವರ್ಕ್ ಮಾಡುತ್ತಿದ್ದಳು. "ಮಾಮ್, ವೈ ಡಿಡ್ ಅಮೆರಿಕ ಎಂಟರ್ ದ ವಾರ್ ಇನ್ ನೈನ್ಟೀನ್ ಸೆವೆಂಟೀನ್? ದೆ ವರ್ ನ್ಯೂಟ್ರಲ್."

"ಅನ್ಯಾಯ ನೋಡಕ್ಕಾಗಲಿಲ್ಲ, ಅದಕ್ಕೆ. ಬರ್ಕೋ."

"ದ ಬುಕ್ ಸೇಸ್ ದೇರ್ ಓನ್ ಶಿಪ್ಸ್ ಗಾಟ್ ಹಿಟ್."

"ಸುಮ್ನೆ ಬರಿಯೇ."

ಸಭೆಯಲ್ಲಿ ಕೌಸಲ್ಯಾ ಮೈಕ್ ಹಿಡಿದು ಅತ್ತಳು. ಲಲಿತಮ್ಮನ ಕೈ ಹಿಡಿದೆತ್ತಿ ಎಲ್ಲರಿಗೂ ತೋರಿಸಿದಳು. "ಈ ತಾಯಿಗೆ ಗಂಡನ ಮುಖ ನೋಡಕ್ಕೂ ಬಿಡಲಿಲ್ಲ ನೀವು!" ಜನ ಗೊಳೋ ಎಂದರು. ಸಂಗಮೇಶನ ಕುರ್ಚಿ ಅಲುಗಾಡತೊಡಗಿತು. ಅವನು ಕೌಸಲ್ಯಾಳನ್ನು ಮರೆಗೆ ಕರೆದು ಏನೋ ಹೇಳಿದ. ತಿರುಗಿ ಬರುವಾಗ ಇಬ್ಬರೂ ನಗುತ್ತಿದ್ದರು. ಆಶ್ರಿತಾಳಿಗೆ ಮುಂದಿನ ಸಾಲು, ಅದೂ ನಟ್ಟನಡುವೆ. ಚೇತನಾ ಓಡಿಬಂದು ಕೌಸಲ್ಯಾಳನ್ನು ತಬ್ಬಿಕೊಂಡಳು, ಊಟಕ್ಕೆ ತಮ್ಮ ಮನೆಗೇ ಬರಬೇಕೆಂದು ಹಟ ಹಿಡಿದಳು.

ಕಾರು ಪಾರ್ಕಿಂಗ್ ಲಾಟ್ ದಾಟುವಾಗ ಆಶ್ರಿತಾ ಹಿಂತಿರುಗಿ ನೋಡಿದಳು. ಸಭಾಂಗಣದ ಗಾಜಿನ ಬಾಗಿಲ ಹಿಂದೆ ಲಲಿತಮ್ಮ ಕೋಟು ತೊಟ್ಟು, ಗುಂಡಿ ಹಾಕಿಕೊಂಡು, ಶಾಲು ತರಲೆಂದು ತಂದಿದ್ದ ಖಾಲಿ ಚೀಲ ಹಿಡಿದು ನಿಂತಿದ್ದರು.

"ಮಾಮ್, ವಾಟ್ ಅಬೌಟ್ ಆಂಟಿ?"

"ಯಾರಾದ್ರೂ ಡ್ರಾಪ್ ಮಾಡ್ತಾರೆ ಬಿಡು."