ರಮ್ಯಳ ಎಡಪಾದ

ಬಿಳಿಗೆರೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ರಮ್ಯಳಿಗೆ ಬೆನ್ನುನೋವು ಶುರುವಾಗಿ ಮೂರು ವರ್ಷವಾಗಿತ್ತು. ಎರಡನೆಯ ಹೆರಿಗೆಯ ನಂತರ ಬಂದದ್ದು ಹೋಗಲೇ ಇಲ್ಲ. ಅನ್ನದ ಡಬರಿ ಇಳಿಸುವಾಗ ಹಲ್ಲು ಕಚ್ಚುತ್ತಿದ್ದಳು. ಗಂಡ ನಂಜುಂಡೇಶ್ ಮೈಸೂರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದ. ಅದರಲ್ಲಿ ದೋಷವೇನೂ ಕಾಣಲಿಲ್ಲ. ಆ ವರದಿ ಬಂದ ದಿನದಿಂದ ಅವನು ಅವಳ ನೋವನ್ನು ನಂಬುವುದನ್ನೇ ಬಿಟ್ಟ.

ಟಿ. ನರಸೀಪುರದ ಕಡೆಯ ಹೆಮ್ಮಿಗೆ ಎಂಬ ಊರು ಅವಳ ತವರು. ಅಲ್ಲಿ ತಮ್ಮನ ಮಗುವಿನ ನಾಮಕರಣದ ದಿನ ರಮ್ಯ ಒಂದು ಪಂಕ್ತಿಗೆ ಬಡಿಸಿ, ಕಂಬ ಹಿಡಿದು ನಿಂತಳು. ಏನಾಯಿತೆಂದು ಯಾರೋ ಕೇಳಿದರು. ಊಟಕ್ಕೆ ಕೂತಿದ್ದ ನಂಜುಂಡೇಶ್ ಅಲ್ಲಿಂದಲೇ ಜೋರಾಗಿ ಅಂದ:

“ಸ್ಕ್ಯಾನ್ ಮಾಡ್ಸಿದ್ರೆ ಏನೂ ಇಲ್ಲ ಕಣ್ರೀ. ಕೆಲ್ಸ ಅಂದಾಗ ಬತ್ತದೆ ಅವ್ಳ ನೋವು.”

ನಾಲ್ಕಾರು ಮಂದಿ ನಕ್ಕರು. ರಮ್ಯ ಸಾರಿನ ಬಕೆಟ್ ಎತ್ತಿಕೊಂಡು ಇನ್ನೊಂದು ಪಂಕ್ತಿಗೂ ಬಡಿಸಿದಳು.

ಬಿಳಿಗೆರೆಗೆ ಮರಳಿದ ಮಾರನೆಯ ಬೆಳಗ್ಗೆ ಅವಳಿಗೆ ಚಾಪೆಯಿಂದ ಏಳಲಾಗಲಿಲ್ಲ. ಅತ್ತೆ ಪುಟ್ಟಬಸಮ್ಮ ಸೊಸೆಯ ಹಣೆ ಮುಟ್ಟಿ ನೋಡಿ ಮಗನ ಕಡೆ ತಿರುಗಿದರು.

“ನಾಟ್ಕ ಆಡೋರು ಇಂಗೆ ಬೆವರ್ತಾರೇನ್ಲಾ? ಎದ್ದೋಗಿ ಯಾರಿಗಾದ್ರೂ ತೋರ್ಸು.”

ನಾಲ್ಕು ದಿನ ಕಳೆದು ಅವಳು ಏಳುವಂತಾದ ಮೇಲೆ, ನಂಜನಗೂಡಿನಲ್ಲಿ ಫಿಸಿಯೋಥೆರಪಿ ಮಾಡುವ ಶ್ವೇತ ಎಂಬುವವರ ಬಳಿಗೆ ಗಂಡಹೆಂಡತಿ ಹೋದರು. ಶ್ವೇತ ಬೆನ್ನು ಮುಟ್ಟುವ ಮೊದಲು ಅವಳನ್ನು ಬರಿಗಾಲಲ್ಲಿ ನಿಲ್ಲಿಸಿ ನೋಡಿದರು. ಎಡಪಾದದ ಒಳಬದಿ ನೆಲಕ್ಕೆ ಕುಸಿದು, ಮೊಣಕಾಲು ಒಳಕ್ಕೆ ವಾಲಿತ್ತು. ಎಡಗಾಲೊಂದರ ಮೇಲೆ ನಿಲ್ಲಲು ಹೇಳಿದಾಗ ಸೊಂಟದ ಬಲಬದಿ ತಟ್ಟನೆ ಇಳಿದು, ರಮ್ಯ ಮೇಜು ಹಿಡಿದುಕೊಂಡಳು.

“ಇಲ್ಲಿ ಕೈ ಇಡಿ,” ಎಂದು ಶ್ವೇತ ನಂಜುಂಡೇಶನಿಗೆ ಅವಳ ಸೊಂಟದ ಪಕ್ಕ ತೋರಿಸಿದರು. ಅವನು ಸಂಕೋಚದಿಂದಲೇ ಇಟ್ಟ. ಬಲಗಾಲ ಮೇಲೆ ನಿಂತಾಗ ಬಲಪಕ್ಕದ ಸ್ನಾಯು ಅಂಗೈಯ ಕೆಳಗೆ ಗಟ್ಟಿಯಾಯಿತು. ಎಡಗಾಲ ಮೇಲೆ ನಿಂತಾಗ ಎಡಪಕ್ಕ ಮೆತ್ತಗೇ ಉಳಿಯಿತು. ಮೇಲೆ ಬೆನ್ನು ಮಾತ್ರ ಹಗ್ಗದಂತೆ ಬಿಗಿದು ನಡುಗುತ್ತಿತ್ತು.

“ಸ್ಕ್ಯಾನ್ನಲ್ಲಿ ಇದು ಕಾಣ್ಲಿಲ್ವಲ್ಲ ಮೇಡಂ?” ಎಂದು ಅವನು ಕೇಳಿದ.

“ಅಲ್ಲಿ ಮಲಗಿಸಿ ತೆಗೀತಾರೆ. ನಿಂತಾಗ ಸ್ನಾಯು ಹೇಗೆ ಕೆಲ್ಸ ಮಾಡುತ್ತೆ ಅನ್ನೋದು ಅದ್ರಲ್ಲಿ ಬರಲ್ಲ. ಎಲ್ರ ಬೆನ್ನುನೋವಿಗೂ ಪಾದವೇ ಕಾರಣ ಅಂತ ಹೇಳಕ್ಕಾಗಲ್ಲ. ಆದ್ರೆ ಇವ್ರ ಪಾದ ಕುಸಿದು ಕಾಲು ಒಳಕ್ಕೆ ತಿರುಗ್ತಿದೆ. ಸೊಂಟದ ಸ್ನಾಯು ಹೊರಬೇಕಾದ ಭಾರಾನ ಬೆನ್ನು ಹೊರ್ತಿದೆ.”

ನಂಜುಂಡೇಶ್ ಕೈ ತೆಗೆದು, ಅದನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ನಿಂತ.

ಬಸ್ಸಿಗೆ ಕಾಯುವಾಗ ಅವನು ಅಂದ, “ಅವತ್ತು ಅಷ್ಟು ಜನದ ಮುಂದೆ ಅಂಗಂದಿದ್ದು ತಪ್ಪಾಯ್ತು ರಮ್ಯ.”

ಅವಳು ರಸ್ತೆಯ ಕಡೆಗೇ ನೋಡುತ್ತಿದ್ದಳು. “ನಂಗೇ ಅನುಮಾನ ಬಂದ್ಬುಟ್ಟಿತ್ತು ಕಣ್ರೀ. ನಾನೇ ಸುಳ್ಳು ಏಳ್ತಾ ಇದ್ದೀನೇನೋ ಅಂತ,” ಎಂದವಳು ಅಲ್ಲಿಯೇ, ಜನರ ನಡುವೆ, ಅತ್ತುಬಿಟ್ಟಳು.

ಚಪ್ಪಲಿಯೊಳಗೆ ಪಾದಕ್ಕೆ ಆಸರೆ ಕೊಡುವ ಮೆತ್ತೆ ಬಂತು. ದಿನಾ ಬೆಳಗ್ಗೆ ಪಾದದ, ಸೊಂಟದ ವ್ಯಾಯಾಮ. ಮೊದಲ ತಿಂಗಳು ಹೆಚ್ಚೇನೂ ಬದಲಾಗಲಿಲ್ಲ. ಮೂರನೆಯ ತಿಂಗಳಿಗೆ ಅವಳು ಶಾಲೆಯಿಂದ ನಡೆದೇ ಬರತೊಡಗಿದಳು. ನೋವು ಪೂರ್ತಿ ಹೋಗಿಲ್ಲ. ಕೆಲವು ಸಂಜೆ ಬಂದವಳೇ ಮಲಗಿಬಿಡುತ್ತಾಳೆ. ಅಂಥ ದಿನ ನಂಜುಂಡೇಶನೇ ಕೈಕಾಲು ತೊಳೆದು ಬಂದು, ಮುದ್ದೆಗೆ ಎಸರಿಡುತ್ತಾನೆ.